ಚೈನೀಸ್ ಬಫೆ: ಮೊದಲು ಟ್ರೇ ನೋಡಿ, ಆಮೇಲೆ ತಟ್ಟೆ ಹಿಡಿಯಿರಿ

ಅಮೆರಿಕದ ಚಿಕ್ಕಪುಟ್ಟ ಊರುಗಳಲ್ಲೂ ಒಂದು ಚೈನೀಸ್ ಬಫೆ ಕಣ್ಣಿಗೆ ಬೀಳುತ್ತದೆ. ಅಲ್ಲಿ ಉಂಡು ಬಂದವರನ್ನು ಕೇಳಿದರೆ ಒಬ್ಬರು ಬಾಯಿ ತುಂಬ ಹೊಗಳುತ್ತಾರೆ, ಇನ್ನೊಬ್ಬರು ಮುಖ ಸಿಂಡರಿಸುತ್ತಾರೆ. ಇಬ್ಬರ ಮಾತೂ ನಿಜವೇ. ಅದೇ ಅಡುಗೆಮನೆ, ಅದೇ ಅಡುಗೆಯವರು, ಅದೇ ಸಾಸು. ಆದರೂ ಮಧ್ಯಾಹ್ನ 12.30ಕ್ಕೆ ತಿಂದ ಜನರಲ್ ಸೋ ಚಿಕನ್ (ಸಿಹಿ ಸಾಸಿನಲ್ಲಿ ಹೊರಳಿಸಿದ ಕರಿದ ಕೋಳಿ) ಬೇರೆ, ಮೂರು ಗಂಟೆಗೆ ತಿಂದದ್ದು ಬೇರೆ. ಬಫೆಯ ರುಚಿಯೆಲ್ಲ ನಿಂತಿರುವುದು ಟ್ರೇ ಒಳಗಿನಿಂದ ಬಂದು ಎಷ್ಟು ಹೊತ್ತಾಯಿತು ಎಂಬುದರ ಮೇಲೆ. ಇದೊಂದನ್ನು ಗುರುತಿಸಲು ಕಲಿತರೆ ಸಾಧಾರಣ ಬಫೆಯಲ್ಲೂ ಒಳ್ಳೆಯ ಊಟ ಮಾಡಿ ಏಳಬಹುದು.

ಮೊದಲು ಆ ಮೇಜಿನ ವಿಚಾರ. ಸಾಲಾಗಿ ಕೂರಿಸಿರುವ ಸ್ಟೀಲ್ ಟ್ರೇಗಳ ಕೆಳಗೆ ಬಿಸಿನೀರಿನ ತೊಟ್ಟಿ ಇರುತ್ತದೆ. ಇದಕ್ಕೆ ಸ್ಟೀಮ್ ಟೇಬಲ್ ಎನ್ನುತ್ತಾರೆ. ಪೂರ್ತಿ ಅಳತೆಯ ಟ್ರೇ ಸುಮಾರು 12 ಇಂಚು ಅಗಲ, 20 ಇಂಚು ಉದ್ದ. ಆಳ ಎರಡೂವರೆ, ನಾಲ್ಕು ಅಥವಾ ಆರು ಇಂಚು. ನೀರಿನ ಹಬೆ ಟ್ರೇಯ ತಳವನ್ನು ಬಿಸಿಯಾಗಿಡುತ್ತದೆ, ಕೆಲವು ಕಡೆ ಮೇಲಿನಿಂದ ಹೀಟ್ ಲ್ಯಾಂಪ್ ಕೂಡ ಇರುತ್ತದೆ. ಬಿಸಿ ಪದಾರ್ಥ 57 ಡಿಗ್ರಿ ಸೆಲ್ಸಿಯಸ್‌ಗಿಂತ, ಅಂದರೆ 135 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗೆ ಇಳಿಯಬಾರದು, ತಣ್ಣನೆಯದು 5 ಡಿಗ್ರಿ ದಾಟಬಾರದು ಎಂದು ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ (ಎಫ್‌ಡಿಎ) ರೂಪಿಸಿರುವ ಮಾದರಿ ನಿಯಮಾವಳಿ, ಫುಡ್ ಕೋಡ್, ಹೇಳುತ್ತದೆ. ರಾಜ್ಯಗಳು ಇದನ್ನೇ ಅಲ್ಪಸ್ವಲ್ಪ ಬದಲಿಸಿಕೊಂಡು ಪಾಲಿಸುತ್ತವೆ. 57 ಡಿಗ್ರಿಯಲ್ಲಿ ರೋಗಾಣು ಬೆಳೆಯುವುದಿಲ್ಲ, ಸರಿ. ಆದರೆ ಆ ಶಾಖ, ಆ ಹಬೆಯಲ್ಲೇ ಗರಿಗರಿಯಾದದ್ದು ಮೆತ್ತಗಾಗುತ್ತದೆ, ಹಸಿರು ಮಾಸುತ್ತದೆ, ಸಾಸು ಕೆನೆಗಟ್ಟುತ್ತದೆ. ಸುರಕ್ಷಿತವಾಗಿರುವುದೆಲ್ಲ ರುಚಿಯಾಗಿರಬೇಕಿಲ್ಲ.

ಹೋಗುವ ಹೊತ್ತು

ಜನ ತುಂಬಿರುವ ಹೊತ್ತಿಗೇ ಹೋಗಿ. ಸಾಲು ಉದ್ದ ಎಂದು ಹಿಂಜರಿಯಬೇಡಿ. ಜನ ಹೆಚ್ಚಿದ್ದಷ್ಟೂ ಟ್ರೇ ಬೇಗ ಬರಿದಾಗುತ್ತದೆ, ಒಳಗಿನಿಂದ ಹೊಸದು ಬರುತ್ತಲೇ ಇರುತ್ತದೆ. ವಾರದ ದಿನಗಳಲ್ಲಿ ಮಧ್ಯಾಹ್ನ 12ರಿಂದ 1.15ರವರೆಗೆ, ಶುಕ್ರವಾರ, ಶನಿವಾರ ಸಂಜೆ 6ರಿಂದ 7.30ರವರೆಗೆ, ಭಾನುವಾರ ಮಧ್ಯಾಹ್ನ ಒಳ್ಳೆಯ ಹೊತ್ತು.

ಮೂರೂವರೆಯಿಂದ ನಾಲ್ಕು ಗಂಟೆಯ ಹೊತ್ತಿಗೆ ಮಧ್ಯಾಹ್ನದ ದರ ಮುಗಿದು ರಾತ್ರಿಯ ದರ ಶುರುವಾಗುವುದು ಬಹಳ ಕಡೆ ಪದ್ಧತಿ. ಮೂರಕ್ಕೆ ಒಳಗೆ ಹೋಗಿ, ಕಡಿಮೆ ದರ ಕೊಟ್ಟು, ನಾಲ್ಕಕ್ಕೆ ಬರುವ ಏಡಿ ಕಾಲು, ಸೀಗಡಿಗಾಗಿ ಕಾಯುವವರಿದ್ದಾರೆ. ನನಗೆ ಇದು ಲಾಭದ ಲೆಕ್ಕವಾಗಿ ಕಾಣುವುದಿಲ್ಲ. ಮೂರು ಗಂಟೆಯ ಟ್ರೇಗಳೇ ಇಡೀ ದಿನದಲ್ಲಿ ಹಳಸಲು. ಹೊಟ್ಟೆ ಅವುಗಳಿಂದಲೇ ಅರ್ಧ ತುಂಬಿರುತ್ತದೆ. ಬಾಗಿಲು ಮುಚ್ಚುವ ಮುಂಚಿನ ಒಂದು ಗಂಟೆಯೂ ಅಷ್ಟೇ: ಅಡುಗೆಮನೆಯವರು ಹೊಸದನ್ನು ಮಾಡಲು ಮನಸ್ಸು ಮಾಡುವುದಿಲ್ಲ, ಇರುವುದನ್ನೇ ಒಗ್ಗೂಡಿಸಿ ಇಡುತ್ತಾರೆ.

ಬರಿಗೈಯಲ್ಲಿ ಒಂದು ಸುತ್ತು

ಕೂತ ಕೂಡಲೇ ತಟ್ಟೆ ತೆಗೆದುಕೊಂಡು ಸಾಲಿನ ಮೊದಲ ಟ್ರೇಗೆ ಕೈ ಹಾಕಬೇಡಿ. ಸಾಲಿನ ಆರಂಭದಲ್ಲಿ ಸಾಮಾನ್ಯವಾಗಿ ಅನ್ನ, ಫ್ರೈಡ್ ರೈಸ್, ಲೋ ಮೇನ್ ನೂಡಲ್ಸ್ ಇರುತ್ತವೆ. ಅಗ್ಗದವು, ಹೊಟ್ಟೆ ತುಂಬಿಸುವವು. ತಟ್ಟೆಯಲ್ಲಿ ಜಾಗ ಮುಗಿದ ಮೇಲೆ ಮುಂದಿನದೆಲ್ಲ ಬರೀ ನೋಟಕ್ಕೆ. ಖಾಲಿ ಕೈಯಲ್ಲಿ ಎಲ್ಲ ಸಾಲುಗಳ ಮುಂದೂ ನಿಧಾನವಾಗಿ ನಡೆದು ಬನ್ನಿ, ಎರಡು ನಿಮಿಷ ಸಾಕು.

ಮೊದಲು ನೋಡಬೇಕಾದದ್ದು ಟ್ರೇ ಎಷ್ಟು ತುಂಬಿದೆ ಎಂಬುದು. ತುಂಬಿ ತುಳುಕುವ ಟ್ರೇ ಸಮೃದ್ಧಿಯಂತೆ ಕಾಣುತ್ತದೆ. ಜನವಿಲ್ಲದ ಹೊತ್ತಿನಲ್ಲಿ ಅದು ಅಪಾಯದ ಗುರುತು. ನಾಲ್ಕು ಇಂಚು ಆಳದ ತುಂಬಿದ ಟ್ರೇ ಖಾಲಿಯಾಗುವಷ್ಟರಲ್ಲಿ ಗಂಟೆಗಳೇ ಕಳೆದಿರುತ್ತವೆ. ತಿಳಿದು ನಡೆಸುವವರು ಬಿಡುವಿನ ಹೊತ್ತಿನಲ್ಲಿ ಎರಡೂವರೆ ಇಂಚಿನ ಟ್ರೇಯನ್ನೋ ಅರ್ಧ ಅಳತೆಯ ಟ್ರೇಯನ್ನೋ ಇಟ್ಟು, ಸ್ವಲ್ಪ ಸ್ವಲ್ಪವೇ ಮಾಡಿ ತರುತ್ತಾರೆ. ತಳ ಕಾಣುತ್ತಿರುವ ಟ್ರೇ ಕಂಡರೆ ಸಂತೋಷಪಡಿ, ಐದು ನಿಮಿಷ ಕಾಯಿರಿ.

ಇನ್ನು ಟ್ರೇಯ ಅಂಚು. ಸಾಸಿನ ಮಟ್ಟ ಇಳಿದಂತೆಲ್ಲ ಸ್ಟೀಲ್ ಗೋಡೆಗೆ ಕಂದು ಪಟ್ಟಿ ಒಣಗಿ ಅಂಟಿಕೊಳ್ಳುತ್ತದೆ. ಪಟ್ಟಿ ದಪ್ಪವಿದ್ದಷ್ಟೂ ವಯಸ್ಸು ಹೆಚ್ಚು. ಸಾಸಿನ ಮೇಲೆ ತೆಳು ಪೊರೆ ಕಟ್ಟಿ, ಸೌಟು ತಾಗಿದರೆ ಮಡಿಕೆಯಾಗಿ ಸರಿಯುತ್ತಿದ್ದರೆ ಅದನ್ನು ಬಿಟ್ಟುಬಿಡಿ. ತಳದಲ್ಲಿ ನೀರು, ಮೇಲೆ ಎಣ್ಣೆ ಬೇರೆಯಾಗಿ ನಿಂತಿದ್ದರೆ ತರಕಾರಿ ನೀರು ಬಿಟ್ಟು ಕಾರ್ನ್‌ಫ್ಲೋರಿನ ಗಟ್ಟಿ ಸಾಸನ್ನು ತೆಳುಮಾಡಿದೆ ಎಂದರ್ಥ. ಎಲ್ಲಕ್ಕಿಂತ ಸುಲಭದ ಗಡಿಯಾರ ಬ್ರಾಕಲಿ. ಬಾಣಲೆಯಿಂದ ಇಳಿದಾಗ ಕಡುಹಸಿರಾಗಿ ಹೊಳೆಯುತ್ತದೆ. ಬಿಸಿಯಲ್ಲಿ ಕೂತಷ್ಟೂ ಹಸಿರು ವರ್ಣಕದೊಳಗಿನ ಮೆಗ್ನೀಸಿಯಂ ಕಳಚಿಕೊಂಡು ಬಣ್ಣ ಮಂಕಾಗಿ ಕೊನೆಗೆ ಕಂದು ಮಿಶ್ರಿತ ಹಸಿರಿಗೆ ತಿರುಗುತ್ತದೆ. ಬ್ರಾಕಲಿ ಮಾಸಿರುವ ಟ್ರೇಯಲ್ಲಿ ಮಾಂಸವೂ ಅಷ್ಟೇ ಹಳೆಯದು. ಬೇರೆ ಪರೀಕ್ಷೆ ಬೇಕಿಲ್ಲ.

ಹೊಸ ಅಡುಗೆ ಬಂದಾಗ ಏನು ಮಾಡುತ್ತಾರೆ ನೋಡಿ. ಹಳೆಯ ಟ್ರೇಯನ್ನು ಎತ್ತಿ ಹೊಸ ಟ್ರೇ ಇಳಿಸಿದರೆ ನಂಬಬಹುದಾದ ಜಾಗ. ಹಳೆಯದರ ಮೇಲೆಯೇ ಹೊಸದನ್ನು ಸುರಿದು ಕಲಸಿದರೆ ಎಚ್ಚರಿಕೆ ಇರಲಿ: ಆ ಟ್ರೇಯ ತಳದಲ್ಲಿರುವುದು ಯಾವಾಗಿನದು ಎಂದು ಯಾರಿಗೂ ಗೊತ್ತಿರುವುದಿಲ್ಲ. ತಣ್ಣನೆಯ ವಿಭಾಗದಲ್ಲಿ ಟ್ರೇಗಳು ಮಂಜುಗಡ್ಡೆಯೊಳಗೆ ಹೂತಿರಬೇಕು. ಬರೀ ಮೇಲೆ ಕೂರಿಸಿದ್ದರೆ ತಳವಷ್ಟೇ ತಣ್ಣಗಿರುತ್ತದೆ, ಮೇಲಿನ ಸೀಗಡಿ ಕೋಣೆಯ ಬಿಸಿಗೆ ಬಂದಿರುತ್ತದೆ. ಮೇಲೆ ಬಾಗಿರುವ ಗಾಜು ಅಂದಕ್ಕೆ ಇಟ್ಟದ್ದಲ್ಲ. ನಿಂತವರ ಉಸಿರು, ಸೀನು ಊಟದ ಮೇಲೆ ಬೀಳದಂತೆ ತಡೆಯುವುದೇ ಅದರ ಕೆಲಸ. ಸ್ಮೋರ್ಗಸ್‌ಬೋರ್ಡ್ (ಇದೂ ಒಂದು ಬಗೆಯ ಬಫೆ) ರೆಸ್ಟೊರೆಂಟುಗಳನ್ನು ನಡೆಸುತ್ತಿದ್ದ ಜಾನಿ ಗಾರ್ನೋ ಎಂಬವರು ಇದಕ್ಕೆ 1959ರಲ್ಲಿ ಪೇಟೆಂಟ್ ಅರ್ಜಿ ಹಾಕಿದರು. ಮಕ್ಕಳ ಮುಖ ಸರಿಯಾಗಿ ಆ ಗಾಜಿನ ಕೆಳಗೆ ಬರುತ್ತದೆ, ಹಾಗಾಗಿ ಅವರಿಗೆ ದೊಡ್ಡವರೇ ಬಡಿಸಿಕೊಡಬೇಕು.

ಯಾವುದು ತಾಳುತ್ತದೆ, ಯಾವುದು ತಾಳುವುದಿಲ್ಲ

ಜನರಲ್ ಸೋ, ಸೆಸಮಿ, ಆರೆಂಜ್ ಚಿಕನ್ ಮೂರೂ ಒಂದೇ ಜಾತಿ: ಕಾರ್ನ್‌ಫ್ಲೋರ್ ಹಚ್ಚಿ ಕರಿದ ತುಂಡು, ಮೇಲೆ ಸಿಹಿ ಸಾಸು. ಜನರಲ್ ಸೋ ಚಿಕನ್ನನ್ನು 1950ರ ದಶಕದಲ್ಲಿ ತೈವಾನಿನಲ್ಲಿ ಮೊದಲು ಮಾಡಿದವರು ಚೀನಾದ ಹುನಾನ್ ಪ್ರಾಂತ್ಯದ ಮೂಲದ ಅಡುಗೆಯವರು ಪೆಂಗ್ ಚಾಂಗ್-ಕ್ವೇ. ಅವರ ಅಡುಗೆಯಲ್ಲಿ ಸಿಹಿ ಇರಲಿಲ್ಲ. ಸಕ್ಕರೆ ಸೇರಿದ್ದು 1970ರ ದಶಕದಲ್ಲಿ, ನ್ಯೂಯಾರ್ಕಿನಲ್ಲಿ. ಬಫೆಯಲ್ಲಿ ಸಿಗುವುದು ಈ ಸಿಹಿ ರೂಪವೇ. ಸರಿಯಾಗಿ ಮಾಡುವವರು ತುಂಡುಗಳನ್ನು ಎರಡು ಸಲ ಕರಿಯುತ್ತಾರೆ: ಮೊದಲು ಸುಮಾರು 160 ಡಿಗ್ರಿ ಸೆಲ್ಸಿಯಸ್ ಎಣ್ಣೆಯಲ್ಲಿ ಒಳಗೆ ಬೇಯುವಂತೆ, ಸ್ವಲ್ಪ ಆರಿದ ಮೇಲೆ 190 ಡಿಗ್ರಿಯಲ್ಲಿ ಹೊರಪದರ ಒಣಗಿ ಗರಿಗರಿಯಾಗುವಂತೆ. ಬಾಣಲೆಯಿಂದ ಇಳಿದ ಕ್ಷಣದಿಂದಲೇ ಆ ಪದರಕ್ಕೆ ಎರಡೂ ಕಡೆಯಿಂದ ತೇವ ಬರತೊಡಗುತ್ತದೆ, ಒಳಗಿನಿಂದ ಮಾಂಸದ ಹಬೆ, ಹೊರಗಿನಿಂದ ಸಾಸು. ಹತ್ತು ನಿಮಿಷ ಚೆನ್ನಾಗಿರುತ್ತದೆ, ಇಪ್ಪತ್ತಾದರೆ ಸಾಧಾರಣ, ಅರ್ಧ ಗಂಟೆಯ ಮೇಲೆ ಹಿಟ್ಟಿನ ಮೆತ್ತೆ. ಇವನ್ನು ಹೊಸ ಟ್ರೇ ಬಂದಾಗ ಮಾತ್ರ ಹಾಕಿಕೊಳ್ಳಿ, ಅದೂ ಮೇಲಿನ ಪದರದಿಂದ; ತಳದವು ಸಾಸಿನಲ್ಲಿ ನೆನೆದಿರುತ್ತವೆ. ಸ್ಪ್ರಿಂಗ್ ರೋಲ್, ಕ್ರೀಮ್ ಚೀಸ್ ತುಂಬಿದ ಕ್ರ್ಯಾಬ್ ರಂಗೂನ್, ಉಪ್ಪು ಮೆಣಸಿನ ಸೀಗಡಿಗೂ ಇದೇ ನಿಯಮ.

ಸಾಸು ಬೆರೆಸಿ ಬಾಡಿಸಿದ ಮಾಂಸದ ತುಂಡುಗಳದ್ದು ಇದಕ್ಕೆ ತದ್ವಿರುದ್ಧ ಲೆಕ್ಕ. ಮೇಲಿನ ಪದರ ಲ್ಯಾಂಪಿನ ಬಿಸಿಗೆ ಒಣಗಿರುತ್ತದೆ, ಆದ್ದರಿಂದ ಸೌಟನ್ನು ಟ್ರೇಯ ನಡುವಿಗೆ ಇಳಿಸಿ ಕೆಳಗಿನಿಂದ ಎತ್ತಿ. ಈ ಮಾಂಸ ಅಷ್ಟು ನುಣುಪಾಗಿರುವುದಕ್ಕೆ ಕಾರಣ ಅಡುಗೆಗೆ ಮುಂಚಿನ ತಯಾರಿ: ತೆಳುವಾಗಿ ಎಳೆಗೆ ಅಡ್ಡ ಹೆಚ್ಚಿ, ಕಾರ್ನ್‌ಫ್ಲೋರ್, ಮೊಟ್ಟೆಯ ಬಿಳಿ, ಬೀಫ್ ಆದರೆ ಚಿಟಿಕೆ ಅಡುಗೆ ಸೋಡಾ ಹಚ್ಚಿ ನೆನೆಸಿಡುತ್ತಾರೆ. ಸೋಡಾ ಹೆಚ್ಚಾದರೆ ಮಾಂಸ ಸ್ಪಂಜಿನಂತೆ ಪುಟಿಯುತ್ತದೆ, ನಾಲಿಗೆಗೆ ಸಾಬೂನಿನ ಛಾಯೆ ತಾಗುತ್ತದೆ. ಹಾಗೆ ಅನ್ನಿಸಿದರೆ ಆ ಟ್ರೇಗೆ ಮತ್ತೆ ಹೋಗಬೇಡಿ, ಅವತ್ತಿನ ಇಡೀ ಪಾಕವೇ ಹಾಗಿರುತ್ತದೆ.

ಸ್ಟೀಮ್ ಟೇಬಲ್ ಮೇಲೂ ಚೆನ್ನಾಗಿ ಉಳಿಯುವವು ಕೆಲವಿವೆ. ಮಾಪೋ ಟೋಫು (ಖಾರದ ಸಾಸಿನಲ್ಲಿ ಬೇಯಿಸಿದ ಸೋಯಾ ಪನೀರು), ಬಾರ್ಬೆಕ್ಯೂ ಮೂಳೆ ಮಾಂಸ, ಹಾಟ್ ಅಂಡ್ ಸೋರ್ ಸೂಪು. ಬೀನ್ಸ್ ಪಲ್ಯ ಬ್ರಾಕಲಿಗಿಂತ ಹೆಚ್ಚು ತಡೆಯುತ್ತದೆ. ನೀರಿಲ್ಲದೆ ಎಣ್ಣೆಯಲ್ಲಿ ಸುಕ್ಕುಗಟ್ಟುವಂತೆ ಬಾಡಿಸಿರುತ್ತಾರಲ್ಲ, ಅದಕ್ಕೆ. ಬಿದಿರಿನ ಬುಟ್ಟಿಯಲ್ಲಿ ಮುಚ್ಚಿಟ್ಟ ಡಂಪ್ಲಿಂಗ್ ತಿನ್ನಬಹುದು, ತೆರೆದ ಟ್ರೇಯಲ್ಲಿರುವುದರ ಅಂಚು ಒಣಗಿ ರಟ್ಟಾಗಿರುತ್ತದೆ.

ಫ್ರೈಡ್ ರೈಸ್ ಬಗ್ಗೆ ಒಂದು ಎಚ್ಚರಿಕೆ. ಹಸಿ ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳಿರುತ್ತವೆ, ಅನ್ನ ಬೆಂದರೂ ಅವು ಸಾಯುವುದಿಲ್ಲ. ಬೆಂದ ಅನ್ನವನ್ನು ಗಂಟೆಗಟ್ಟಲೆ ಹೊರಗೇ ಬಿಟ್ಟರೆ ಬ್ಯಾಕ್ಟೀರಿಯಾ ಬೆಳೆದು ವಿಷ ಉಂಟುಮಾಡುತ್ತದೆ. ಆಮೇಲೆ ಎಷ್ಟು ಹುರಿದರೂ ಆ ವಿಷ ಹೋಗುವುದಿಲ್ಲ. ತಿಂದ ಒಂದರಿಂದ ಆರು ಗಂಟೆಯೊಳಗೆ ವಾಂತಿ ಶುರುವಾಗುತ್ತದೆ. ಫ್ರೈಡ್ ರೈಸಿಗೆ ಹಿಂದಿನ ದಿನದ ಅನ್ನ ಬಳಸುವುದು ತಪ್ಪಲ್ಲ, ಕಾಳು ಬಿಡಿಬಿಡಿಯಾಗಲು ಅದೇ ಬೇಕು. ಅದನ್ನು ಬೇಗ ಆರಿಸಿ ಫ್ರಿಜ್ಜಿಗೆ ಇಟ್ಟಿದ್ದರೇ ಇಲ್ಲವೇ ಎಂಬುದೇ ಪ್ರಶ್ನೆ, ಅದು ನಮಗೆ ಕಾಣುವುದಿಲ್ಲ. ಕಾಣುವುದು ಟ್ರೇ ಒಂದೇ. ಸೌಟಿನಿಂದ ಕೆದಕಿದಾಗ ಹಬೆ ಏಳದಿದ್ದರೆ ಮುಟ್ಟಬೇಡಿ.

ಸುಶಿ ಚೀನಾದ್ದಲ್ಲ, ಆದರೂ ಈಗ ಹೆಚ್ಚಿನ ಬಫೆಗಳಲ್ಲಿ ಇರುತ್ತದೆ. ಏಡಿ ಎಂದು ಕಾಣುವುದು ಬಹುತೇಕ ಸುರಿಮಿ: ಪೊಲಾಕ್‌ನಂಥ ಬಿಳಿ ಮೀನನ್ನು ಅರೆದು, ಪಿಷ್ಟ, ಮೊಟ್ಟೆಯ ಬಿಳಿ ಸೇರಿಸಿ ಮಾಡಿದ್ದು. ಸುತ್ತುವವರು ಎದುರಿಗೇ ಕೆಲಸ ಮಾಡುತ್ತಿದ್ದರೆ ಹೊಸ ಉರುಳೆಯಿಂದ ತೆಗೆದುಕೊಳ್ಳಿ. ತಣ್ಣಗೆ ಕೂತದ್ದರ ಅನ್ನ ಬಿರುಸಾಗಿ ಪುಡಿಪುಡಿಯಾಗಿರುತ್ತದೆ, ಪಿಷ್ಟ ತಣ್ಣಗಾಗುತ್ತ ಮತ್ತೆ ಗಟ್ಟಿಕಟ್ಟುವುದರಿಂದ.

ಗ್ರಿಲ್ ಬಳಿ

ಮಂಗೋಲಿಯನ್ ಗ್ರಿಲ್ ಅಥವಾ ಹಿಬಾಚಿ ಎಂದು ಬರೆದಿರುವ ಕಬ್ಬಿಣದ ಕಾವಲಿ ಇದ್ದರೆ ಅದೇ ಇಡೀ ಬಫೆಯ ಉತ್ತಮ ಜಾಗ. ಹಸಿ ಮಾಂಸ, ತರಕಾರಿ, ನೂಡಲ್ಸನ್ನು ನೀವೇ ಬಟ್ಟಲಿಗೆ ತುಂಬಿ ಅಡುಗೆಯವರ ಕೈಗೆ ಕೊಟ್ಟರೆ ಎಲ್ಲವೂ ನಿಮ್ಮ ಕಣ್ಣೆದುರೇ ಬೇಯುತ್ತದೆ. ಆದರೂ ಅಲ್ಲಿಂದ ನೀರುನೀರಾದ, ಉಪ್ಪುಪ್ಪಾದ ತಟ್ಟೆ ಹಿಡಿದು ಬರುವವರೇ ಹೆಚ್ಚು. ಕಾರಣ ಬಟ್ಟಲು ತುಂಬುವ ರೀತಿ. ಅಣಬೆ, ಮೊಳಕೆ, ಜುಕಿನಿ, ಎಲೆಕೋಸು ಗೋಪುರದಂತೆ ಹೇರಿದರೆ ಕಾವಲಿಯ ಬಿಸಿ ಒಮ್ಮೆಲೇ ಇಳಿಯುತ್ತದೆ, ತರಕಾರಿ ಬಿಟ್ಟ ನೀರು ಆವಿಯಾಗಿ ಹೋಗಲಾರದೆ ಅಲ್ಲೇ ಕುದಿಯುತ್ತದೆ. ಹುರಿಯಬೇಕಾದ್ದು ಬೇಯಿಸಿದ್ದಾಗುತ್ತದೆ.

ಬಟ್ಟಲಿನ ಮುಕ್ಕಾಲು ಭಾಗದಷ್ಟೇ ಹಾಕಿ. ಮಾಂಸ ಅಥವಾ ಟೋಫು ಮೂರರಲ್ಲಿ ಒಂದು ಪಾಲು, ಈರುಳ್ಳಿ, ದಪ್ಪ ಮೆಣಸಿನಕಾಯಿ, ಬ್ರಾಕಲಿಯಂಥ ಗಟ್ಟಿ ತರಕಾರಿ ಒಂದು ಪಾಲು, ಉಳಿದದ್ದು ನೂಡಲ್ಸು. ಅಣಬೆ, ಮೊಳಕೆ ಒಂದೊಂದು ಹಿಡಿಯಷ್ಟು. ಸಾಸನ್ನು ಸುರಿಯಬೇಡಿ: ಸೋಯಾ ಸಾಸು ಎರಡು ಟೇಬಲ್ ಚಮಚ, ಬೆಳ್ಳುಳ್ಳಿ ಎಣ್ಣೆ ಒಂದು, ಸಿಹಿ ಸಾಸು ಒಂದು, ಬೇಕಿದ್ದರೆ ಖಾರದ ಎಣ್ಣೆ ಅರ್ಧ. ಕೊನೆಯ ನಿಮಿಷದಲ್ಲಿ ಸಾಸು ಹಾಕಿ ಎಂದು ಅಡುಗೆಯವರಿಗೆ ಹೇಳಿದರೆ ಹಾಕುತ್ತಾರೆ, ಆಗ ಅದು ಕಾವಲಿಗೆ ಅಂಟಿ ಸೀದು ಕಹಿಯಾಗುವುದಿಲ್ಲ. ಹಸಿ ಮಾಂಸವಿದ್ದ ಬಟ್ಟಲನ್ನು ಅಲ್ಲೇ ಬಿಟ್ಟುಬಿಡಿ. ಬೆಂದದ್ದು ಬೇರೆ ತಟ್ಟೆಗೇ ಬೀಳಬೇಕು. ಅದೇ ಬಟ್ಟಲಿಗೆ ಹಾಕಲು ಬಂದರೆ ಹೊಸ ತಟ್ಟೆ ಕೇಳಿ, ಸಂಕೋಚ ಬೇಡ.

ಸಸ್ಯಾಹಾರಿಗಳು ಕೇಳಬೇಕಾದ ಪ್ರಶ್ನೆ

"ಇದು ವೆಜಿಟೇರಿಯನ್ನಾ?" ಎಂದರೆ "ಹೌದು" ಎಂಬ ಉತ್ತರ ಬರುತ್ತದೆ, ಏಕೆಂದರೆ ಟ್ರೇಯಲ್ಲಿ ಮಾಂಸದ ತುಂಡು ಕಾಣುತ್ತಿಲ್ಲ. ಕೇಳಬೇಕಾದದ್ದು: "ಸಾಸಿನಲ್ಲಿ ಚಿಕನ್ ಸ್ಟಾಕ್ ಇದೆಯೇ? ಆಯ್‌ಸ್ಟರ್ ಸಾಸ್ ಹಾಕಿದ್ದೀರಾ?" ತರಕಾರಿಯ ಬಿಳಿ ಸಾಸಿಗೆ ಸ್ಟಾಕು, ಅಂದರೆ ಕೋಳಿ ಕುದಿಸಿ ತೆಗೆದ ತಿಳಿ, ಕಂದು ಸಾಸಿಗೆ ಸಿಂಪಿಯಿಂದ ಮಾಡಿದ ಆಯ್‌ಸ್ಟರ್ ಸಾಸು ಹಾಕುವುದು ಮಾಮೂಲು. ಹಾಟ್ ಅಂಡ್ ಸೋರ್ ಸೂಪಿನಲ್ಲಿ ಮೊಟ್ಟೆ ಇದ್ದೇ ಇರುತ್ತದೆ, ಎಷ್ಟೋ ಕಡೆ ಹಂದಿಮಾಂಸದ ಎಳೆಗಳೂ ಇರುತ್ತವೆ. ಎಗ್ ಡ್ರಾಪ್ ಸೂಪಿನ ತಿಳಿ ಕೋಳಿಯದ್ದು. ಮಾಪೋ ಟೋಫುವಿನಲ್ಲಿ, ಕೆಲವೊಮ್ಮೆ ಬೀನ್ಸಿನಲ್ಲಿ ಕೊಚ್ಚಿದ ಹಂದಿಮಾಂಸ. ವೆಜಿಟೇಬಲ್ ಸ್ಪ್ರಿಂಗ್ ರೋಲಿನೊಳಗೆ ತರಕಾರಿಯೇ ಇದ್ದರೂ ಕರಿದ ಎಣ್ಣೆ ಕೋಳಿ, ಸೀಗಡಿ ಕರಿದದ್ದೇ.

ಇದಕ್ಕೊಂದು ದಾರಿ ಇದೆ. ಹೆಚ್ಚಿನ ಬಫೆಗಳಿಗೆ ಪಾರ್ಸೆಲ್ ಮೆನು ಪ್ರತ್ಯೇಕವಾಗಿರುತ್ತದೆ, ಅದನ್ನೂ ಅದೇ ಅಡುಗೆಮನೆ ಮಾಡಿಕೊಡುತ್ತದೆ. ಗಡಿಬಿಡಿ ಇಲ್ಲದ ಹೊತ್ತಿನಲ್ಲಿ ಟೋಫು, ತರಕಾರಿ, ಬೆಳ್ಳುಳ್ಳಿ, ಶುಂಠಿ, ಬರೀ ಸೋಯಾ ಸಾಸು ಹಾಕಿ ತೊಳೆದ ಬಾಣಲೆಯಲ್ಲಿ ಒಂದು ತಟ್ಟೆ ಮಾಡಿಕೊಡಿ ಎಂದು ಕೇಳಿದರೆ ಒಪ್ಪುವವರಿದ್ದಾರೆ. ಕೇಳುವುದು ಹಣ ಕೊಡುವ ಮುಂಚೆ. ಗ್ರಿಲ್‌ನಲ್ಲಾದರೆ ಕಾವಲಿಯನ್ನು ಕೆರೆದು ನೀರು ಹಾಕಿ ಒರೆಸಿಕೊಡಲು ಹೇಳಬಹುದು. ನೆಲಗಡಲೆ, ಸೀಗಡಿ, ಏಡಿಯ ಅಲರ್ಜಿ ಇರುವವರಿಗೆ ಮಾತ್ರ ಬಫೆಯನ್ನು ನಾನು ಹೇಳಲಾರೆ. ಸೌಟುಗಳನ್ನು ಜನ ಒಂದು ಟ್ರೇಯಿಂದ ಇನ್ನೊಂದಕ್ಕೆ ಹಾಕುತ್ತಲೇ ಇರುತ್ತಾರೆ, ಅದನ್ನು ಯಾರೂ ತಡೆಯಲಾರರು. ಗ್ಲೂಟೆನ್ ಬೇಡವೆನ್ನುವವರಿಗೂ ಕಷ್ಟವೇ: ಸಾಮಾನ್ಯ ಸೋಯಾ ಸಾಸಿನಲ್ಲಿ ಗೋಧಿ ಇರುತ್ತದೆ, ಅದು ಸೇರದ ಸಾಸು ಇಲ್ಲಿ ವಿರಳ.

ತಟ್ಟೆಯ ಕ್ರಮ

ಮೊದಲು ಅರ್ಧ ಬಟ್ಟಲು ಸೂಪು. ಅದನ್ನು ಕುಡಿಯುತ್ತ ಅಡುಗೆಮನೆಯ ಬಾಗಿಲಿನ ಮೇಲೆ ಒಂದು ಕಣ್ಣಿಡಿ, ಏನು ಹೊಸದಾಗಿ ಬರುತ್ತಿದೆ ಎಂದು ತಿಳಿಯುತ್ತದೆ. ಎರಡನೆಯ ತಟ್ಟೆಗೆ ನಾಲ್ಕೈದು ಬಗೆ, ಒಂದೊಂದರಲ್ಲಿ ಎರಡೇ ತುಂಡು. ಇದು ರುಚಿ ನೋಡುವ ತಟ್ಟೆ. ಸಾಸಿನವು ಒಂದು ಬದಿಗೆ, ಕರಿದವು ಇನ್ನೊಂದು ಬದಿಗೆ ಇರಲಿ, ಹರಿದು ಕೂಡಿಕೊಂಡರೆ ಎಲ್ಲವೂ ಒಂದೇ ಸಿಹಿಯಾಗುತ್ತದೆ. ಚೆನ್ನಾಗಿರುವ ಎರಡನ್ನು ಗುರುತಿಸಿ ಮೂರನೆಯ ತಟ್ಟೆಗೆ ಅವನ್ನೇ, ಬಿಳಿ ಅನ್ನದ ಜೊತೆ. ಹೊಟ್ಟೆ ತುಂಬಿತು ಎಂಬ ಸುದ್ದಿ ಮೆದುಳಿಗೆ ಮುಟ್ಟಲು ಸುಮಾರು 20 ನಿಮಿಷ ಬೇಕು. ತಟ್ಟೆ ತಟ್ಟೆಯ ನಡುವೆ ಬಿಡುವು ಕೊಡದವರೇ ಕೊನೆಗೆ ಏಳಲಾರದೆ ಕೂರುವುದು.

ಪ್ರತಿ ಸಲವೂ ಹೊಸ ತಟ್ಟೆಯನ್ನೇ ತೆಗೆದುಕೊಳ್ಳಿ. ಎಂಜಲು ತಟ್ಟೆ ಹಿಡಿದು ಬಡಿಸಿಕೊಳ್ಳಲು ಹೋಗಬಾರದು ಎಂಬುದು ಫುಡ್ ಕೋಡಿನ ನಿಯಮವೂ ಹೌದು, ಏಕೆಂದರೆ ನಿಮ್ಮ ತಟ್ಟೆಗೆ ತಾಗಿದ ಸೌಟು ಮರುಕ್ಷಣ ಟ್ರೇಗೆ ಹೋಗುತ್ತದೆ. ಮುಗಿದ ತಟ್ಟೆಯನ್ನು ಮೇಜಿನ ಅಂಚಿಗೆ ಸರಿಸಿದರೆ ಅವರೇ ಎತ್ತಿಕೊಂಡು ಹೋಗುತ್ತಾರೆ.

ಊಟದ ನಂತರದ ದಾಹಕ್ಕೂ ತಲೆಭಾರಕ್ಕೂ ಜನ ಅಜಿನೊಮೊಟೊವನ್ನು ದೂರುತ್ತಾರೆ. 1968ರಲ್ಲಿ ಒಂದು ವೈದ್ಯಕೀಯ ಪತ್ರಿಕೆಗೆ ವೈದ್ಯರೊಬ್ಬರು ಬರೆದ ಕಾಗದದಿಂದ ಹಬ್ಬಿದ ಮಾತು ಅದು. ಎಫ್‌ಡಿಎ ಅದನ್ನು ಸುರಕ್ಷಿತವೆಂದೇ ಪರಿಗಣಿಸುತ್ತದೆ. ದಾಹಕ್ಕೆ ನಾನು ದೂರುವುದು ಉಪ್ಪನ್ನು. ಒಂದು ಟೇಬಲ್ ಚಮಚ ಸೋಯಾ ಸಾಸಿನಲ್ಲಿ ಸುಮಾರು 900 ಮಿಲಿಗ್ರಾಂ ಸೋಡಿಯಂ ಇರುತ್ತದೆ, ದೊಡ್ಡವರಿಗೆ ದಿನಕ್ಕೆ ಅಮೆರಿಕದ ಸಲಹೆ 2,300 ಮಿಲಿಗ್ರಾಂ ದಾಟಬಾರದೆಂದು. ಸಾಸಿನವನ್ನೇ ಮೂರು ತಟ್ಟೆ ತಿಂದರೆ ಮಿತಿ ಎಲ್ಲಿ ದಾಟಿತೆಂದೇ ತಿಳಿಯುವುದಿಲ್ಲ. ರಕ್ತದೊತ್ತಡ ಇರುವ ಹಿರಿಯರನ್ನು ಕರೆದೊಯ್ದಾಗ ಮಾಂಸವನ್ನೋ ತರಕಾರಿಯನ್ನೋ ಸೌಟಿನ ಅಂಚಿಗೆ ಒತ್ತಿ ಸಾಸು ಬಸಿದು ಹಾಕಿಕೊಡಿ, ತಂಪು ಪಾನೀಯದ ಬದಲು ಬಿಸಿ ಚಹಾ ತರಿಸಿ.

ಸಿಹಿ ವಿಭಾಗದಲ್ಲಿ ಹೆಚ್ಚು ಹುಡುಕುವಂಥದ್ದಿಲ್ಲ. ಸಕ್ಕರೆಯಲ್ಲಿ ಹೊರಳಿಸಿದ ಕರಿದ ಬನ್ನು ಬಿಸಿಯಿದ್ದರೆ ತಿನ್ನಿ, ಇಲ್ಲದಿದ್ದರೆ ಕಿತ್ತಳೆ ಹೋಳು, ಲಿಚಿ ಸಾಕು.

ಟಿಪ್ಸ್ ಕೊಡಬೇಕು. ನಾವೇ ಬಡಿಸಿಕೊಂಡೆವಲ್ಲ ಎಂದು ಏನೂ ಇಡದೆ ಹೋಗುವವರಿದ್ದಾರೆ, ಅದು ಸರಿಯಲ್ಲ. ತಟ್ಟೆ ಎತ್ತುವವರು, ನೀರು ತುಂಬುವವರು, ಮಕ್ಕಳು ಚೆಲ್ಲಿದ್ದನ್ನು ಒರೆಸುವವರು ಅವರೇ. ಬಡಿಸುವ ಹೋಟೆಲಿನಲ್ಲಿ 15ರಿಂದ 20 ಶೇಕಡಾ ಕೊಡುವ ರೂಢಿಯಿದ್ದರೆ ಬಫೆಯಲ್ಲಿ 10 ಶೇಕಡಾ ಆದರೂ ಇಡಿ, ಸಾಧ್ಯವಾದರೆ ನಗದಾಗಿ.

ಯಾವುದಾದರೂ ಟ್ರೇ ಉಗುರುಬೆಚ್ಚಗಿದ್ದರೆ ಸುಮ್ಮನೆ ಬಿಟ್ಟು ಬರಬೇಡಿ, ಓಡಾಡುತ್ತಿರುವವರಿಗೆ ಹೇಳಿ. ತೊಟ್ಟಿಯಲ್ಲಿ ನೀರು ಆವಿಯಾಗಿ ಇಂಗಿಹೋಗಿರುವುದೇ ಹೆಚ್ಚಿನ ಸಲ ಅದಕ್ಕೆ ಕಾರಣ. ನೀರು ತುಂಬಿಸಿದರೆ ಸರಿಹೋಗುತ್ತದೆ. ಹೇಳಿದ ಕೂಡಲೇ ಟ್ರೇಯನ್ನು ಎತ್ತಿ ಒಳಗೆ ಒಯ್ದರೆ ಆ ಜಾಗಕ್ಕೆ ಮತ್ತೆ ಹೋಗಬಹುದು. ಸೌಟಿನಿಂದ ಒಮ್ಮೆ ಕಲಸಿ ಹಾಗೆಯೇ ಬಿಟ್ಟರೆ ಮುಂದಿನ ಸಲಕ್ಕೆ ಬೇರೆ ಬಫೆ ನೋಡಿಕೊಳ್ಳಿ.